ಸಕ್ಕರೆ ಕಾಯಿಲೆಯ ಔಷಧ ಪ್ರಯೋಗಕ್ಕೆ ಸಹಿ ಹಾಕುವ ಮೊದಲು: ಬಳ್ಳಾರಿ, ರಾಯಚೂರು, ಕೊಪ್ಪಳದ ರೋಗಿಗಳಿಗೂ ಮನೆಯವರಿಗೂ

ಸಕ್ಕರೆ ಕಾಯಿಲೆ, ಬೊಜ್ಜು ಅಥವಾ ಇವೆರಡರಿಂದ ಹೃದಯಕ್ಕಾಗುವ ತೊಂದರೆಗೆ ಸಂಬಂಧಿಸಿದ ಔಷಧ ಪ್ರಯೋಗಕ್ಕೆ ಸೇರುತ್ತೀರಾ ಎಂದು ದವಾಖಾನೆಯಲ್ಲಿ ಕೇಳಿದರೆ, ಅದೇ ದಿನ ಹೌದೆಂದೂ ಹೇಳಬೇಡಿ, ಇಲ್ಲವೆಂದೂ ಹೇಳಬೇಡಿ. ಒಪ್ಪಿಗೆ ಪತ್ರವನ್ನೂ ಮಾಹಿತಿ ಹಾಳೆಯನ್ನೂ ಕೇಳಿ ಪಡೆದು ಮನೆಗೆ ತಂದು ಓದಿ. ನಮ್ಮ ಕಡೆ ‘ಸಾಹೇಬರು ಹೇಳ್ಯಾರ’ ಎಂಬ ಒಂದೇ ಕಾರಣಕ್ಕೆ ಹೆಬ್ಬೆಟ್ಟು ಒತ್ತುವವರು ಇನ್ನೂ ಇದ್ದಾರೆ. ಚಿಕಿತ್ಸೆ ಕೊಡುವ ವೈದ್ಯರೇ ಸಂಶೋಧಕರೂ ಆಗಿರಬಹುದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಿಮ್ಮ ಆರೋಗ್ಯ ಸುಧಾರಿಸುವುದು ಚಿಕಿತ್ಸೆಯ ಗುರಿ, ಒಂದು ಪ್ರಶ್ನೆಗೆ ಉತ್ತರ ಹುಡುಕುವುದು ಸಂಶೋಧನೆಯ ಗುರಿ, ಮತ್ತು ಈ ಎರಡು ಗುರಿಗಳು ಯಾವಾಗಲೂ ಒಂದೇ ದಾರಿಯಲ್ಲಿ ಸಾಗುವುದಿಲ್ಲ.

ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು. ಬಳ್ಳಾರಿಯಲ್ಲಿ ಮನೆಮಾತು ತೆಲುಗು ಇರುವವರು, ರಾಯಚೂರಿನಲ್ಲಿ ಉರ್ದು ಮಾತಾಡುವವರು ತಮ್ಮ ಭಾಷೆಯ ಪತ್ರ ಕೇಳಲು ಹಿಂಜರಿಯಬೇಕಾಗಿಲ್ಲ. ಓದು ಬಾರದವರಿಗೆ ಪ್ರಯೋಗದೊಂದಿಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಎದುರಿನಲ್ಲಿ ಪತ್ರವನ್ನು ಪೂರ್ತಿ ಓದಿ ಹೇಳಬೇಕು. ಭಾರತದಲ್ಲಿ ಇಂಥ ಪ್ರಯೋಗಗಳು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳಿಗೆ ಒಳಪಟ್ಟಿವೆ. ಸಹಿಯಾದ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಬರಬೇಕೆಂಬುದೂ, ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಬರಬಹುದೆಂಬುದೂ, ಹೊರಬಂದರೆ ನಿಮ್ಮ ಮಾಮೂಲಿ ಚಿಕಿತ್ಸೆಗೆ ಧಕ್ಕೆಯಾಗಬಾರದೆಂಬುದೂ ನಿಮ್ಮ ಹಕ್ಕು.

ಪತ್ರ ಓದುವಾಗ ಎಲ್ಲಕ್ಕಿಂತ ಮೊದಲು ಹುಡುಕಬೇಕಾದದ್ದು, ಈ ಪ್ರಯೋಗದಲ್ಲಿ ಎಣಿಸುತ್ತಿರುವುದು ಏನು ಎಂಬುದನ್ನು. ರಕ್ತದ ಸಕ್ಕರೆ ಎಷ್ಟು ಇಳಿಯಿತು, ತೂಕ ಎಷ್ಟು ಕಡಿಮೆಯಾಯಿತು ಎಂದು ಎಣಿಸುವ ಪ್ರಯೋಗಗಳಿವೆ. ಎಷ್ಟು ಜನರಿಗೆ ಹೃದಯಾಘಾತವಾಯಿತು, ಎಷ್ಟು ಜನರಿಗೆ ಲಕ್ವಾ ಹೊಡೆಯಿತು, ಎಷ್ಟು ಜನ ತೀರಿಕೊಂಡರು ಎಂದು ಎಣಿಸುವ ಪ್ರಯೋಗಗಳೂ ಇವೆ. ಇವೆರಡೂ ಒಂದೇ ಅಲ್ಲ ಎಂಬುದನ್ನು ವೈದ್ಯಲೋಕ ದುಬಾರಿ ಬೆಲೆ ತೆತ್ತು ಕಲಿತಿದೆ. ‘ಅಕಾರ್ಡ್’ ಎಂಬ ಅಧ್ಯಯನದಲ್ಲಿ 10,251 ಜನರಿದ್ದರು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಅಂಶವನ್ನು ಶೇಕಡ 6ಕ್ಕಿಂತ ಕೆಳಗೆ ಇಳಿಸಲು ಒಂದು ಗುಂಪಿಗೆ ಕಟ್ಟುನಿಟ್ಟಿನ ಚಿಕಿತ್ಸೆ ಕೊಡಲಾಯಿತು. ಸಕ್ಕರೆಯೇನೋ ಇಳಿಯಿತು, ಆದರೆ ಸಾವುಗಳು ಮಾಮೂಲಿ ಚಿಕಿತ್ಸೆಯ ಇನ್ನೊಂದು ಗುಂಪಿನಲ್ಲಿ 203 ಇದ್ದರೆ ಈ ಗುಂಪಿನಲ್ಲಿ 257 ಆದವು. 2008ರಲ್ಲಿ ಆ ಕಟ್ಟುನಿಟ್ಟಿನ ಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ಸಕ್ಕರೆ ಇಳಿಸುತ್ತಿದ್ದ ರೋಸಿಗ್ಲಿಟಜೋನ್ ಎಂಬ ಗುಳಿಗೆಯ ಮೇಲೆ ಹೃದಯಾಘಾತದ ಸಂಶಯ ಎದ್ದದ್ದು 2007ರಲ್ಲಿ, ಭಾರತದಲ್ಲಿ ಅದರ ಮಾರಾಟಕ್ಕೆ ತಡೆ ಬಿದ್ದದ್ದು 2010ರಲ್ಲಿ. ಮಧುಮೇಹದ ಹೊಸ ಔಷಧ ಹೃದಯಕ್ಕೆ ಕೆಡುಕು ಮಾಡುವುದಿಲ್ಲವೆಂದು ಕಂಪನಿಗಳು ತೋರಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರ ಕೊನೆಯಲ್ಲಿ ಕೇಳಿದ ಮೇಲೆಯೇ ಹೃದಯದ ಲೆಕ್ಕ ಇಡುವ ದೊಡ್ಡ ಪ್ರಯೋಗಗಳ ಸಾಲು ಶುರುವಾಯಿತು.

ಆ ಸಾಲಿನಿಂದ ಒಳ್ಳೆಯ ಸುದ್ದಿಯೂ ಬಂತು. ಎಂಪಾಗ್ಲಿಫ್ಲೋಜಿನ್ ಗುಳಿಗೆಯ 2015ರ ಪ್ರಯೋಗದಲ್ಲಿ ಮಧುಮೇಹದ ಜೊತೆಗೆ ಹೃದಯ ಅಥವಾ ರಕ್ತನಾಳದ ಕಾಯಿಲೆಯೂ ಇದ್ದ 7,020 ಜನರಿದ್ದರು. ಹೃದಯ ಸಂಬಂಧಿ ಸಾವು ಔಷಧವಿಲ್ಲದ ಗುಂಪಿನಲ್ಲಿ ಶೇಕಡ 5.9 ಇದ್ದರೆ, ಔಷಧ ಪಡೆದ ಗುಂಪಿನಲ್ಲಿ ಶೇಕಡ 3.7 ಇತ್ತು. ಸೆಮಾಗ್ಲುಟೈಡ್ ಸೂಜಿಮದ್ದಿನ 2023ರ ‘ಸೆಲೆಕ್ಟ್’ ಪ್ರಯೋಗದಲ್ಲಿ ಮಧುಮೇಹವಿಲ್ಲದ, ಆದರೆ ತೂಕ ಹೆಚ್ಚಿದ್ದ ಮತ್ತು ಮೊದಲೇ ಹೃದಯ ಅಥವಾ ರಕ್ತನಾಳದ ಕಾಯಿಲೆ ಇದ್ದ 17,604 ಜನರಿದ್ದರು. ಹೃದಯಾಘಾತ, ಲಕ್ವಾ ಮತ್ತು ಹೃದಯ ಸಂಬಂಧಿ ಸಾವುಗಳು ಶೇಕಡ 20ರಷ್ಟು ತಗ್ಗಿದವು ಎಂದು ಪತ್ರಿಕೆಗಳು ಬರೆದವು.

ಈ ‘ಶೇಕಡ 20’ ಎಂಬಲ್ಲಿ ಸ್ವಲ್ಪ ನಿಲ್ಲಬೇಕು. ಸುಮಾರು ಮೂರೂಕಾಲು ವರ್ಷಗಳ ಅವಧಿಯಲ್ಲಿ ಇಂಥ ಘಟನೆ ಔಷಧವಿಲ್ಲದ ಗುಂಪಿನಲ್ಲಿ ಸಾವಿರಕ್ಕೆ 80 ಜನರಿಗಾಯಿತು, ಔಷಧ ಪಡೆದ ಗುಂಪಿನಲ್ಲಿ ಸಾವಿರಕ್ಕೆ 65 ಜನರಿಗಾಯಿತು. ಅಂದರೆ ಸಾವಿರ ಜನ ಸೂಜಿ ಚುಚ್ಚಿಸಿಕೊಂಡರೆ 15 ಜನ ಪಾರಾದರು. ಇದು ಸಣ್ಣ ಲಾಭವೆಂದು ನನಗನ್ನಿಸುವುದಿಲ್ಲ. ಆದರೆ ‘ಐವರಲ್ಲಿ ಒಬ್ಬರು ಉಳಿದರು’ ಎಂದು ತಿಳಿದುಕೊಂಡವರು ಪೂರಾ ತಪ್ಪು ತಿಳಿದುಕೊಂಡಿರುತ್ತಾರೆ. ಆದ್ದರಿಂದ ಪ್ರಯೋಗದ ಸಿಬ್ಬಂದಿ ಹಿಂದಿನ ಫಲಿತಾಂಶವನ್ನು ಶೇಕಡದಲ್ಲಿ ಹೇಳಿದಾಗಲೆಲ್ಲ, ಸಾವಿರ ಜನರಲ್ಲಿ ಎಷ್ಟು ಮಂದಿಗೆ, ಎಷ್ಟು ವರ್ಷಗಳಲ್ಲಿ ಎಂದು ಕೇಳಿ. ಹಿಂದಿನ ಪ್ರಯೋಗದಲ್ಲಿ ನಿಮ್ಮಂಥ ದೇಹದವರು ಇದ್ದರೇ ಎಂದೂ ಕೇಳಿ. ‘ಸೆಲೆಕ್ಟ್’ಗೆ ಸೇರಲು ದೇಹತೂಕ ಸೂಚಿ (ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಬಿಎಂಐ) 27 ಅಥವಾ ಹೆಚ್ಚು ಇರಬೇಕಿತ್ತು, ಆದರೆ ಭಾರತೀಯರಲ್ಲಿ 25ಕ್ಕೇ ಬೊಜ್ಜು ಎಂದು ಲೆಕ್ಕ ಹಿಡಿಯುತ್ತಾರೆ. ತೆಳ್ಳಗೆ ಕಂಡರೂ ಹೊಟ್ಟೆ ಮುಂದೆ ಬಂದವರು ನಮ್ಮಲ್ಲಿ ಹೆಚ್ಚು.

ನಿಮಗೆ ಹೊಸ ಔಷಧವೇ ಸಿಗುತ್ತದೆ ಎಂದು ಭಾವಿಸಬೇಡಿ. ಯಾರು ಯಾವ ಗುಂಪಿಗೆ ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆ, ಮತ್ತು ಅನೇಕ ಪ್ರಯೋಗಗಳಲ್ಲಿ ಅದು ರೋಗಿಗೂ ಗೊತ್ತಿರುವುದಿಲ್ಲ, ವೈದ್ಯರಿಗೂ ಗೊತ್ತಿರುವುದಿಲ್ಲ. ನಿಮ್ಮ ಪಾಲಿಗೆ ಔಷಧದ ಅಂಶವೇ ಇಲ್ಲದ ಹುಸಿಗುಳಿಗೆ ಬರಬಹುದು. ಹಾಗಾದರೆ ಈಗ ನುಂಗುತ್ತಿರುವ ಸಕ್ಕರೆ, ಬಿ.ಪಿ., ಕೊಲೆಸ್ಟ್ರಾಲ್ ಗುಳಿಗೆಗಳು ಮುಂದುವರಿಯುತ್ತವೆಯೇ ಎಂಬ ಪ್ರಶ್ನೆಗೆ ಪತ್ರದಲ್ಲಿ ಬರವಣಿಗೆಯ ಉತ್ತರವಿರಬೇಕು.

ಪತ್ರದ ಮೇಲೆ ಸಿಟಿಆರ್‌ಐ, ಅಂದರೆ ದೇಶದ ಔಷಧ ಪ್ರಯೋಗಗಳ ದಾಖಲೆ ಪಟ್ಟಿಯ ನೋಂದಣಿ ಸಂಖ್ಯೆ ಇದೆಯೇ ನೋಡಿ, ಇಲ್ಲದಿದ್ದರೆ ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಂಸ್ಥೆಯೊಂದು 2007ರಿಂದ ನಡೆಸುತ್ತಿರುವ ಈ ದಾಖಲೆಯನ್ನು ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ದುಡ್ಡು ಹಾಕುತ್ತಿರುವವರು ಯಾರು, ಯಾವ ಊರಿನ ಯಾವ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ, ರೋಗಿಗಳ ಹಕ್ಕು, ಸುರಕ್ಷತೆ ಕಾಯುವ ನೈತಿಕ ಸಮಿತಿ ಒಪ್ಪಿದೆಯೇ, ಮುಖ್ಯವಾಗಿ ಎಣಿಸುತ್ತಿರುವುದೇನು ಎಂಬುದೆಲ್ಲ ಅಲ್ಲಿರುತ್ತದೆ. ದಾಖಲೆ ಇಂಗ್ಲಿಷಿನಲ್ಲಿರುವುದರಿಂದ ಮನೆಯಲ್ಲಿ ಕಾಲೇಜು ಓದುತ್ತಿರುವ ಹುಡುಗ ಹುಡುಗಿಯರ ಕೈಯಲ್ಲಿ ಓದಿಸಿ.

ಇನ್ನು ನಮ್ಮ ನೆಲದ ಲೆಕ್ಕ. ಎಂಪಾಗ್ಲಿಫ್ಲೋಜಿನ್ ಬಗೆಯ ಗುಳಿಗೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವುದರಿಂದ ಮೂತ್ರ ಹೆಚ್ಚಾಗಿ, ಮೈಯ ನೀರು ಕಡಿಮೆಯಾಗಬಹುದು. ಜನನಾಂಗದಲ್ಲಿ ತುರಿಕೆ, ಬೂಷ್ಟು ಸೋಂಕು ಬರಬಹುದು. ರಾಯಚೂರಿನ ಏಪ್ರಿಲ್, ಮೇ ಬಿಸಿಲಿನಲ್ಲಿ ಹೊಲದಲ್ಲೋ ಕಟ್ಟಡದ ಕೆಲಸದಲ್ಲೋ ಇರುವವರು ಇದನ್ನು ಮೊದಲೇ ಹೇಳಿ, ವಾಂತಿಭೇದಿಯಾದಾಗ, ಊಟ ಬಿಟ್ಟಾಗ ಗುಳಿಗೆಯನ್ನು ಏನು ಮಾಡಬೇಕೆಂದು ಬರೆಸಿಕೊಳ್ಳಿ. ಶ್ರಾವಣದ ಉಪವಾಸ, ರಂಜಾನ್ ರೋಜಾ ಹಿಡಿಯುವವರೂ ಹಾಗೆಯೇ. ಸೂಜಿಮದ್ದು ಫ್ರಿಜ್ಜಿನಲ್ಲಿ ಇಡುವಂಥದ್ದಾದರೆ, ಕರೆಂಟು ಹೋದಾಗ ಏನು ಮಾಡುವುದೆಂದು ಕೇಳಿ. ಸಿಂಧನೂರು, ಕುಷ್ಟಗಿ, ಸಿರುಗುಪ್ಪದ ಹಳ್ಳಿಗಳಿಂದ ಬರುವವರು ಎಷ್ಟು ಸಲ ಬರಬೇಕು, ಬಸ್ ಚಾರ್ಜು ಮತ್ತು ಆ ದಿನದ ಕೂಲಿ ಕೊಡುತ್ತಾರೆಯೇ, ಭತ್ತದ ಕೊಯ್ಲಿನ ಕಾಲಕ್ಕೆ ದಿನ ಬದಲಿಸಲು ಬರುತ್ತದೆಯೇ ಎಂಬುದನ್ನು ಸಹಿಗೆ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ನಡುವೆ ಬರುವುದನ್ನು ಬಿಟ್ಟವರಿಂದ ಅವರಿಗೂ ಲಾಭವಿಲ್ಲ, ಪ್ರಯೋಗಕ್ಕೂ ಲಾಭವಿಲ್ಲ.

ನೀವು ಮುಚ್ಚಿಡಬಾರದ ಸಂಗತಿಗಳೂ ಇವೆ. ಗುಟ್ಕಾ, ಬೀಡಿ, ಸೆರೆ, ನಾಟಿ ಔಷಧ, ಮೊಣಕಾಲು ನೋವಿಗೆ ಅಂಗಡಿಯಿಂದ ತಂದು ನುಂಗುವ ಗುಳಿಗೆ ಎಲ್ಲವನ್ನೂ ಹೇಳಿ. ನೋವಿನ ಗುಳಿಗೆ ಕಿಡ್ನಿಗೆ ಏಟು ಕೊಟ್ಟರೆ, ಹೊಸ ಔಷಧದ ಮೇಲೆ ಸುಳ್ಳು ಅಪವಾದ ಬರುತ್ತದೆ. ಹೆಚ್ಚಿನ ಕೇಡು ನಿಮ್ಮ ಕಿಡ್ನಿಗೇ.

ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದು ಪತ್ರದಲ್ಲಿ ಇರಲೇಬೇಕು. ಸಂಶೋಧಕರ ಸಂಖ್ಯೆಯೂ ನೈತಿಕ ಸಮಿತಿಯ ಸಂಖ್ಯೆಯೂ ಬೇರೆ ಬೇರೆಯಾಗಿ ಇರಬೇಕು. ಕನಿಷ್ಠ ಏಳು ಜನರ ಆ ಸಮಿತಿಯಲ್ಲಿ ವೈದ್ಯರಲ್ಲದ ಸಾಮಾನ್ಯರೊಬ್ಬರು, ಕಾನೂನು ತಿಳಿದವರೊಬ್ಬರು ಇರುತ್ತಾರೆ, ಆದ್ದರಿಂದ ಆಸ್ಪತ್ರೆಯಲ್ಲಿ ಹೇಳಲಾಗದ ದೂರನ್ನು ಅಲ್ಲಿ ಹೇಳಬಹುದು. ಪ್ರಯೋಗದ ನಡುವೆ ಗಾಯ ಅಥವಾ ಕಾಯಿಲೆಯಾದರೆ, ಅದಕ್ಕೂ ಪ್ರಯೋಗಕ್ಕೂ ಸಂಬಂಧವಿಲ್ಲವೆಂದು ಸಾಬೀತಾಗುವವರೆಗೆ, ಅಗತ್ಯವಿರುವಷ್ಟು ಕಾಲ ಪುಕ್ಕಟೆ ಚಿಕಿತ್ಸೆ ಕೊಡಬೇಕು. ಸಂಬಂಧವಿದೆಯೆಂದಾದರೆ ಪರಿಹಾರದ ಹಣ ಬೇರೆ. ಎದೆನೋವೋ ಬವಳಿಯೋ ಬಂದು ಬೇರೆ ದವಾಖಾನೆಗೆ ಓಡಬೇಕಾದರೆ, ಪ್ರಯೋಗದಲ್ಲಿದ್ದೇನೆಂದು ತೋರಿಸುವ ಚೀಟಿ ಜೇಬಿನಲ್ಲಿರಲಿ, ಆ ದಿನವೇ ಸಂಶೋಧಕರಿಗೂ ತಿಳಿಸಿ.

ಸೇರುವುದು ಬೇಡವೆನಿಸಿದರೆ, ಅಥವಾ ನಿಮ್ಮನ್ನು ಆರಿಸದಿದ್ದರೆ, ಕಳೆದುಕೊಂಡದ್ದು ಬಹಳವೇನಲ್ಲ, ನಡಿಗೆ ಮತ್ತು ಊಟದ ಶಿಸ್ತಿನ ಲಾಭ ಪ್ರಯೋಗದ ಹೊರಗೂ ಸಿಗುತ್ತದೆ. ಸಕ್ಕರೆ ಕಾಯಿಲೆ ಬರುವ ಅಂಚಿನಲ್ಲಿದ್ದ 531 ಭಾರತೀಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ವರ್ಷಗಳಲ್ಲಿ ಸಾಮಾನ್ಯ ಸಲಹೆ ಪಡೆದವರಲ್ಲಿ ಶೇಕಡ 55 ಜನರಿಗೆ ಕಾಯಿಲೆ ಬಂದರೆ, ನಡಿಗೆ ಮತ್ತು ಊಟದ ಶಿಸ್ತು ಪಾಲಿಸಿದವರಲ್ಲಿ ಶೇಕಡ 39 ಜನರಿಗೆ ಬಂತು.

ಸೇರಿದವರು ಪ್ರಯೋಗ ಮುಗಿದ ಮೇಲೆ ಏನಾಗುತ್ತದೆ ಎಂಬುದನ್ನೂ ಮೊದಲ ದಿನವೇ ಕೇಳಿ. ಬೇರೆ ಔಷಧವೇ ಇಲ್ಲದ ಕಾಯಿಲೆಗಳಲ್ಲಿ ಪ್ರಯೋಗದ ನಂತರವೂ ಔಷಧವನ್ನು ಪುಕ್ಕಟೆ ಕೊಡಲು ನಿಯಮದಲ್ಲಿ ಅವಕಾಶವಿದೆ. ಮಧುಮೇಹಕ್ಕೆ ಬೇಕಾದಷ್ಟು ಬೇರೆ ಔಷಧಗಳಿರುವುದರಿಂದ ಆ ಭರವಸೆ ಇಟ್ಟುಕೊಳ್ಳಬೇಡಿ. ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೇ ಎರಡು ಪಾಲು ಒಂದು ವರ್ಷದಲ್ಲಿ ಮರಳಿ ಬಂದದ್ದು ಪ್ರಯೋಗದಲ್ಲೇ ಕಂಡಿದೆ. ಕೊನೆಯ ಭೇಟಿಯ ದಿನ ನಿಮ್ಮ ರಕ್ತ ಪರೀಕ್ಷೆ ಮತ್ತು ಇಸಿಜಿ ವರದಿಗಳ ಪ್ರತಿಯನ್ನು ಪಡೆದುಕೊಂಡು, ನೀವು ಯಾವ ಗುಂಪಿನಲ್ಲಿದ್ದಿರಿ ಎಂಬುದನ್ನು ಯಾವಾಗ ತಿಳಿಸುತ್ತಾರೆಂದು ಬರೆಸಿಕೊಂಡು, ಆ ಕಾಗದಗಳನ್ನು ಅದೇ ವಾರ ನಿಮ್ಮ ಮಾಮೂಲಿ ವೈದ್ಯರಿಗೆ ತೋರಿಸಿ ಮುಂದಿನ ಗುಳಿಗೆಗಳನ್ನು ಬರೆಸಿಕೊಳ್ಳಿ.