ನರಹುಲಿ: ಕೂದಲು ಕಟ್ಟುವ ಮುನ್ನ ಇಷ್ಟು ತಿಳಿದಿರಲಿ

ಬೆರಳಿನ ಮೇಲೆ ನರಹುಲಿ ಎದ್ದರೆ ಕುದುರೆ ಬಾಲದ ಕೂದಲು ಬಿಗಿಯುವವರು, ಎಕ್ಕದ ಹಾಲು ಬಿಡುವವರು ಮಂಡ್ಯದ ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಎಕ್ಕದ ಹಾಲು ಚರ್ಮವನ್ನು ಸುಡುತ್ತದೆ. ಹಚ್ಚಿದ ಕೈ ಕಣ್ಣಿಗೆ ತಾಗಿದರೆ ದೃಷ್ಟಿಗೇ ಕುತ್ತು. ಹೆಸರಿನಲ್ಲಿ ‘ನರ’ ಇದ್ದರೂ ಈ ಗಂಟಿಗೂ ನರಕ್ಕೂ ಸಂಬಂಧವಿಲ್ಲ. ಹ್ಯೂಮನ್ ಪ್ಯಾಪಿಲೋಮಾ ಎಂಬ ವೈರಸ್ ಸಣ್ಣ ಗೀರು, ಬಿರುಕುಗಳ ಮೂಲಕ ಒಳಹೊಕ್ಕು ಚರ್ಮದ ಮೇಲ್ಪದರವನ್ನು ಮಿತಿಮೀರಿ ಬೆಳೆಸುವುದರಿಂದ ಇದು ಹುಟ್ಟುತ್ತದೆ.

ಮೊದಲು ಅದು ನರಹುಲಿಯೇ ಎಂದು ಖಚಿತಪಡಿಸಿಕೊಳ್ಳಿ. ಮೇಲ್ಮೈ ಒರಟಾಗಿದ್ದು, ಒಳಗೆ ಕಪ್ಪು ಚುಕ್ಕೆಗಳು ಕಾಣಬಹುದು. ಅವು ಬೇರುಗಳಲ್ಲ, ರಕ್ತ ಹೆಪ್ಪುಗಟ್ಟಿದ ಸೂಕ್ಷ್ಮ ರಕ್ತನಾಳಗಳು. ಕತ್ತಿನ ಸುತ್ತ ಜೋತಾಡುವ ಮೆತ್ತನೆಯ ಚರ್ಮದ ತುಣುಕುಗಳನ್ನೂ ನಮ್ಮಲ್ಲಿ ನರಹುಲಿಯೆಂದೇ ಕರೆಯುತ್ತಾರಾದರೂ ಅವು ಅಂಟುವಂಥವಲ್ಲ, ಅವುಗಳಿಗೆ ಮುಂದೆ ಹೇಳುವ ಮದ್ದು ಸಲ್ಲದು.

ಕೈಕಾಲಿನ ನರಹುಲಿಗೆ ಔಷಧದಂಗಡಿಯಲ್ಲಿ ಸಿಗುವ ಸುಮಾರು ಶೇ 17ರ ಸ್ಯಾಲಿಸಿಲಿಕ್ ಆಮ್ಲದ ದ್ರಾವಣ ಸಾಕು. ರಾತ್ರಿ ಮಲಗುವ ಮುನ್ನ ಆ ಭಾಗವನ್ನು 5ರಿಂದ 10 ನಿಮಿಷ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಮೆತ್ತಗಾದ ಬಿಳಿಯ ಪದರವನ್ನು ಉಗುರು ಉಜ್ಜುವ ಪಟ್ಟಿಯಿಂದ ರಕ್ತ ಬಾರದಂತೆ ನವಿರಾಗಿ ಉಜ್ಜಿ ತೆಗೆಯಿರಿ. ಆ ಪಟ್ಟಿಯನ್ನು ಮತ್ತಾರೂ ಬಳಸಕೂಡದು. ಒರೆಸಿ ಒಣಗಿಸಿ, ಸುತ್ತಲಿನ ಚರ್ಮಕ್ಕೆ ವ್ಯಾಸಲಿನ್ ಸವರಿ, ಗಂಟಿನ ಮೇಲಷ್ಟೇ ದ್ರಾವಣ ಹಚ್ಚಿ ಆರಲು ಬಿಡಿ. ಉರಿ ಹೆಚ್ಚಾದರೆ ಕೆಲವು ದಿನ ನಿಲ್ಲಿಸಿ ಮತ್ತೆ ಆರಂಭಿಸಿ. ಬಹುತೇಕರು ಸೋಲುವುದು ಇಲ್ಲಿಯೇ: ಎರಡು ವಾರಕ್ಕೆ ಬೇಸತ್ತು ಬಿಡುತ್ತಾರೆ, ಗುಣವಾಗಲು 12 ವಾರ ಹಿಡಿಯಬಹುದು.

ಮುಖ, ಗುಪ್ತಾಂಗಗಳಿಗೆ ಈ ದ್ರಾವಣ ತಾಗಿಸಲೇಬಾರದು. ಮಧುಮೇಹಿಗಳಂತೂ, ಅದರಲ್ಲೂ ಪಾದದಲ್ಲಿ ಗಂಟಿದ್ದರೆ, ಸ್ವಂತ ಚಿಕಿತ್ಸೆಗೆ ಇಳಿಯದೆ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಮಂಡ್ಯದ ಮಿಮ್ಸ್‌ನಲ್ಲೋ ಚರ್ಮರೋಗ ತಜ್ಞರಿಗೆ ತೋರಿಸಬೇಕು. ಮದ್ದಿಗೆ ಜಗ್ಗದ ಗಂಟನ್ನು ವೈದ್ಯರು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುತ್ತಾರೆ. ಎರಡು–ಮೂರು ವಾರಗಳ ಅಂತರದಲ್ಲಿ ಹಲವು ಬಾರಿ ಹೋಗಬೇಕಾದೀತು.

ಅಲ್ಲಿಯವರೆಗೆ ಟವೆಲ್, ಚಪ್ಪಲಿ ಬೇರೆಯಿರಲಿ. ಉಗುರು ಕಚ್ಚುವುದು, ಗಂಟು ಕೀಳುವುದು ಬೇಡ, ಅದರಿಂದಲೇ ಒಂದಿದ್ದದ್ದು ಹತ್ತಾಗುತ್ತದೆ. ಮಕ್ಕಳಲ್ಲಿ ಹೆಚ್ಚಿನವು ಎರಡು ವರ್ಷದೊಳಗೆ ತಾವಾಗಿಯೇ ಮಾಯುತ್ತವೆ. ನೋವಿಲ್ಲದಿದ್ದರೆ ಕಾಯಬಹುದು, ಗಂಟಿನ ಮೇಲೆ ಬ್ಯಾಂಡೇಜ್ ಪಟ್ಟಿ ಅಂಟಿಸಿ ಶಾಲೆಗೆ ಕಳುಹಿಸಬಹುದು.