ಗೇರ್ ಬಾಕ್ಸ್ ಇಳಿಸುವ ಮೊದಲು ಸ್ಲೇವ್ ಸಿಲಿಂಡರ್ ನೋಡಿ

ರಿವರ್ಸ್ ಹಾಕಿದರೆ ಕರಕರ ಸದ್ದು. ಫಸ್ಟ್ ಗೇರ್ ಬೀಳುವುದೇ ಇಲ್ಲ, ಪೆಡಲನ್ನು ಎರಡು ಮೂರು ಸಲ ಪಂಪ್ ಮಾಡಿದರೆ ಮಾತ್ರ ಬೀಳುತ್ತದೆ. ಗ್ಯಾರೇಜಿಗೆ ಹೋದರೆ "ಕ್ಲಚ್ ಪ್ಲೇಟ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು" ಅನ್ನುತ್ತಾರೆ. ನನ್ನ ಹಳೆ ಡೀಸೆಲ್ ಗಾಡಿಗೂ ಹೀಗೇ ಹೇಳಿದ್ದರು. ಕೊನೆಗೆ ಕೆಟ್ಟಿದ್ದು ಸ್ಲೇವ್ ಸಿಲಿಂಡರಿನೊಳಗಿನ ಒಂದು ರಬ್ಬರ್ ವಾಷರ್. ಗೇರ್ ಬಾಕ್ಸ್ ಮುಟ್ಟಬೇಕಾಗಿಯೇ ಇರಲಿಲ್ಲ.

ಮೊದಲು ನಿಮ್ಮ ಗಾಡಿಯ ಕ್ಲಚ್ ಯಾವುದು ಅಂತ ನೋಡಿಕೊಳ್ಳಿ. ಜಿಪ್ಸಿಯದ್ದು ಕೇಬಲ್ ಕ್ಲಚ್, ಅದಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಹಳೆ ಸಫಾರಿ, ಸುಮೋಗಳಲ್ಲಿ ಹೈಡ್ರಾಲಿಕ್ ಕ್ಲಚ್. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಬ್ರೇಕ್ ಆಯಿಲನ್ನು ಪೈಪಿನಲ್ಲಿ ತಳ್ಳುತ್ತದೆ, ಆ ಒತ್ತಡಕ್ಕೆ ಕೆಳಗೆ ಗೇರ್ ಬಾಕ್ಸ್ ಪಕ್ಕದಲ್ಲಿರುವ ಸ್ಲೇವ್ ಸಿಲಿಂಡರಿನ ರಾಡ್ ಹೊರಗೆ ಬಂದು ಕ್ಲಚ್ ಬಿಡಿಸುವ ಸನ್ನೆಯಾದ ಫೋರ್ಕನ್ನು ದೂಡುತ್ತದೆ. ಇಷ್ಟೇ ವ್ಯವಸ್ಥೆ. ಆಯಿಲ್ ಸೋರಿದರೂ, ನಡುವೆ ಗಾಳಿ ಸೇರಿದರೂ ರಾಡ್ ಪೂರ್ತಿ ಬರುವುದಿಲ್ಲ, ಕ್ಲಚ್ ಪೂರ್ತಿ ಬಿಡುವುದಿಲ್ಲ.

ಬಾನೆಟ್ ಎತ್ತಿ ಆಯಿಲ್ ಡಬ್ಬಿ ನೋಡಿ. ಕೆಲವು ಗಾಡಿಗಳಲ್ಲಿ ಕ್ಲಚ್‌ಗೆ ಬೇರೆ ಡಬ್ಬಿ ಇರುತ್ತದೆ, ಕೆಲವದರಲ್ಲಿ ಬ್ರೇಕ್ ಡಬ್ಬಿಯಿಂದಲೇ ಒಂದು ಪೈಪು ಬಂದಿರುತ್ತದೆ. ಎರಡನೆಯ ಥರದ್ದಾದರೆ ಸೋರಿಕೆಯನ್ನು ನಾಳೆಗೆ ಅಂತ ಬಿಡಬೇಡಿ, ಬ್ರೇಕಿಗೂ ಅದೇ ಆಯಿಲ್ ಅಲ್ವಾ. ಆಯಿಲ್ ಕಪ್ಪಗಾಗಿದ್ದರೆ ಒಳಗಿನ ರಬ್ಬರ್ ಸವೆದು ಬೆರೆತಿದೆ ಅಂತ ಅರ್ಥ.

ಆಮೇಲೆ ಡ್ರೈವರ್ ಸೀಟಿನ ಮುಂದೆ ಪೆಡಲಿನ ಹತ್ತಿರ ಬಗ್ಗಿ, ಪೆಡಲಿನ ರಾಡ್ ಇಂಜಿನ್ ಮತ್ತು ಸೀಟುಗಳ ನಡುವಿನ ತಗಡಿನ ಗೋಡೆಯಾದ ಫೈರ್‌ವಾಲ್ ಒಳಗೆ ಹೋಗುವ ಜಾಗಕ್ಕೆ ಬೆರಳಾಡಿಸಿ. ಒದ್ದೆಯಾಗಿದ್ದರೆ, ಅದರ ಕೆಳಗೆ ಪೇಂಟ್ ಉಬ್ಬಿ ಎದ್ದಿದ್ದರೆ, ಮಾಸ್ಟರ್ ಸಿಲಿಂಡರ್ ಸೋರುತ್ತಿದೆ. ಬ್ರೇಕ್ ಆಯಿಲ್ ಪೇಂಟನ್ನು ತಿಂದುಹಾಕುತ್ತದೆ, ಹಾಗಾಗಿ ಈ ಗುರುತು ಸುಳ್ಳು ಹೇಳುವುದಿಲ್ಲ. ಈಗ ಗಾಡಿ ಕೆಳಗೆ. ಸ್ಲೇವ್ ಸಿಲಿಂಡರಿನ ತುದಿಯಲ್ಲಿ ಒಂದು ರಬ್ಬರ್ ಬೂಟ್ ಇರುತ್ತದೆ, ಅದರ ಅಂಚನ್ನು ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಎತ್ತಿ. ನನ್ನದರಲ್ಲಿ ಎತ್ತಿದ ಕೂಡಲೇ ಮಸಿಯಂಥ ಆಯಿಲ್ ಮೊಣಕೈವರೆಗೆ ಇಳಿಯಿತು, ಜೊತೆಗೆ ಕೆಂಪು ಕೆಸರು. ಹೊಳೆ ದಾಟಿಸುವ, ಕೆಸರಲ್ಲಿ ಓಡಿಸುವ ಗಾಡಿಗಳಲ್ಲಿ ಈ ಬೂಟ್ ಹರಿದರೆ ನೀರು ಒಳಹೋಗಿ ಸಿಲಿಂಡರಿಗೆ ತುಕ್ಕು ಹಿಡಿಯುತ್ತದೆ, ಆ ತುಕ್ಕು ರಬ್ಬರನ್ನು ಕೆರೆಯುತ್ತದೆ.

ಎಲ್ಲೂ ಸೋರುತ್ತಿಲ್ಲವಾದರೆ ಮುಖ್ಯ ಪರೀಕ್ಷೆ ಇದು. ಇಂಜಿನ್ ಆಫ್, ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಚಕ್ರಗಳಿಗೆ ಕಲ್ಲು. ಒಬ್ಬರು ಪೆಡಲ್ ಪೂರ್ತಿ ಒತ್ತಿ ಹಿಡಿಯಲಿ, ನೀವು ಕೆಳಗಿನಿಂದ ಸ್ಲೇವ್ ರಾಡನ್ನು ನೋಡಿ. ಸಾಮಾನ್ಯವಾಗಿ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಚಲಿಸಬೇಕು, ಪೆಡಲ್ ಒತ್ತಿರುವಷ್ಟು ಹೊತ್ತು ಅಲ್ಲೇ ನಿಲ್ಲಬೇಕು. ಪೂರ್ತಿ ಬಂದು ಮೆಲ್ಲಗೆ ಹಿಂದೆ ಸರಿದರೆ, ಹೊರಗೆ ಸೋರಿಕೆಯೂ ಕಾಣದಿದ್ದರೆ, ಮಾಸ್ಟರಿನ ಒಳ ವಾಷರ್ ಆಯಿಲನ್ನು ಹಿಂದಕ್ಕೆ ಬಿಡುತ್ತಿದೆ. ಸ್ವಲ್ಪವೇ ಚಲಿಸಿ, ಪಂಪ್ ಮಾಡಿದಂತೆ ಹೆಚ್ಚಾದರೆ ಗಾಳಿ ಸೇರಿರುವ ಸಾಧ್ಯತೆ ಜಾಸ್ತಿ. ಒತ್ತಿದಾಗ ರಬ್ಬರ್ ಹೋಸ್ ಉಬ್ಬುವುದು ಕೈಗೆ ಗೊತ್ತಾದರೆ ಹೋಸ್ ಬದಲಿಸಿ. ರಾಡ್ ಪೂರ್ತಿ ಬಂದು ಗಟ್ಟಿಯಾಗಿ ನಿಂತರೂ ಗೇರ್ ಕರಕರ ಅಂದರೆ ಆಗ ಮಾತ್ರ ತೊಂದರೆ ಒಳಗಿದೆ: ಪ್ರೆಶರ್ ಪ್ಲೇಟ್, ಫೋರ್ಕ್, ಬೇರಿಂಗ್. ಮಳೆಗಾಲವಿಡೀ ನಿಲ್ಲಿಸಿದ್ದ ಗಾಡಿಯಾದರೆ ಕ್ಲಚ್ ಪ್ಲೇಟ್ ತುಕ್ಕಿಗೆ ಫ್ಲೈವೀಲಿಗೆ ಅಂಟಿಕೊಂಡಿರಲೂಬಹುದು.

ಇನ್ನೊಂದು ತೊಂದರೆಯನ್ನು ಯಾರೂ ಪರೀಕ್ಷಿಸುವುದಿಲ್ಲ. ಘಾಟಿ ಹತ್ತುವಾಗ ಇಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ಎಲ್ಲರೂ ಪ್ಲೇಟ್ ಸವೆದಿದೆ ಅನ್ನುತ್ತಾರೆ, ಹೆಚ್ಚಿನ ಸಲ ಅದು ನಿಜವೂ ಹೌದು. ಆದರೆ ಹಳೆ ಹೋಸ್ ಒಳಗೆ ಊದಿಕೊಂಡು ಮುಚ್ಚಿದ್ದರೆ, ಅಥವಾ ಪೆಡಲ್ ರಾಡಿಗೆ ಸ್ವಲ್ಪವೂ ಫ್ರೀ ಪ್ಲೇ (ಸಡಿಲ ಜಾಗ) ಬಿಡದಿದ್ದರೆ, ಆಯಿಲ್ ವಾಪಸ್ ಬರದೆ ಕ್ಲಚ್ ಅರ್ಧ ಒತ್ತಿದಂತೆಯೇ ಉಳಿಯುತ್ತದೆ. ಸ್ಲಿಪ್ ಆಗುತ್ತಿರುವಾಗಲೇ ಗಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಸ್ಲೇವಿನ ಬ್ಲೀಡ್ ನಿಪ್ಪಲ್ (ಗಾಳಿ ತೆಗೆಯುವ ಸಣ್ಣ ಸ್ಕ್ರೂ) ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ರಾಡ್ ಹಿಂದೆ ಸರಿದರೆ ನಿಮ್ಮ ಪ್ಲೇಟ್ ಇನ್ನೂ ಬದುಕಿದೆ.

ರಿಪೇರಿಗೆ ಬರೋಣ. ಸ್ಲೇವ್ ಬಿಚ್ಚಿ, ವಾಷರ್ ಮತ್ತು ಪಿಸ್ಟನ್ ತೆಗೆದು, ಸಿಲಿಂಡರಿನ ಒಳಗೋಡೆಗೆ ಟಾರ್ಚ್ ಬಿಟ್ಟು ನೋಡಿ. ನಯವಾಗಿದ್ದರೆ ಹೊಸ ರಬ್ಬರ್ ವಾಷರುಗಳ ರಿಪೇರಿ ಕಿಟ್ ಹಾಕಿದರೆ ಸಾಕು. ಉಗುರಿಗೆ ಸಿಗುವಂಥ ಗುಳಿ ಇದ್ದರೆ ಹೊಸ ಸಿಲಿಂಡರನ್ನೇ ಹಾಕಿ, ಇಲ್ಲದಿದ್ದರೆ ಹೊಸ ವಾಷರೂ ಬೇಗ ಹೋಗುತ್ತದೆ. ತೊಳೆಯಲು ಪೆಟ್ರೋಲ್, ಡೀಸೆಲ್ ಬೇಡವೇ ಬೇಡ, ಅವು ರಬ್ಬರನ್ನು ಊದಿಸುತ್ತವೆ. ಶುದ್ಧ ಬ್ರೇಕ್ ಆಯಿಲಿನಲ್ಲೇ ತೊಳೆಯಿರಿ, ಹೊಸ ವಾಷರಿಗೂ ಅದನ್ನೇ ಸವರಿ. ವಾಷರಿನ ತುಟಿ ಆಯಿಲ್ ಇರುವ ಕಡೆಗೆ ಮುಖ ಮಾಡಿರಬೇಕು. ಸ್ಲೇವ್ ಹೊರಗಿರುವಾಗ ಯಾರೂ ಪೆಡಲ್ ಒತ್ತದಂತೆ ನೋಡಿಕೊಳ್ಳಿ, ಪಿಸ್ಟನ್ ಹಾರಿ ಬರುತ್ತದೆ.

ಆಯಿಲ್ ಯಾವುದು ಅಂತ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುತ್ತದೆ, ಡಾಟ್ 3 ಅಥವಾ ಡಾಟ್ 4. ಡಾಟ್ 5 ಸಿಲಿಕೋನ್ ಆಯಿಲ್, ಇವುಗಳ ಜೊತೆ ಬೆರೆಸಬಾರದು. ಎಂದೋ ತೆರೆದಿಟ್ಟ ಬಾಟಲಿಯನ್ನು ಬಳಸಬೇಡಿ. ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ತೇವ ಹಿಡಿದರೆ ಈ ಮಿತಿ 140ಕ್ಕೆ ಇಳಿಯುತ್ತದೆ.

ಕೊನೆಗೆ ಏರ್ ತೆಗೆಯುವುದು. ನಿಪ್ಪಲಿಗೆ ಪಾರದರ್ಶಕ ಟ್ಯೂಬ್ ಹಾಕಿ, ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಮೇಲಿದ್ದವರು ಪೆಡಲ್ ಒತ್ತಿ ಹಿಡಿದು "ಹಿಡಿದಿದ್ದೀನಿ" ಅಂದ ಮೇಲೆ ನಿಪ್ಪಲ್ ಸಡಿಲಿಸಿ, ಗುಳ್ಳೆ ಹೋಗಲಿ, ಬಿಗಿ ಮಾಡಿ, "ಬಿಡು" ಅನ್ನಿ. ಬಿಗಿ ಮಾಡುವ ಮೊದಲೇ ಪೆಡಲ್ ಬಿಟ್ಟರೆ ಗಾಳಿ ವಾಪಸ್ ಒಳಗೆ. ಅವಸರ ಮಾಡಬೇಡಿ. ನಾಲ್ಕೈದು ಸಲಕ್ಕೊಮ್ಮೆ ಡಬ್ಬಿ ತುಂಬಿಸಿ, ಖಾಲಿಯಾದರೆ ಮತ್ತೆ ಮೊದಲಿನಿಂದ ಶುರು. ಎಷ್ಟು ತೆಗೆದರೂ ಪೆಡಲ್ ಮೆತ್ತಗಿದ್ದರೆ ಸ್ಲೇವನ್ನು ಪೈಪಿನೊಂದಿಗೇ ಬಿಚ್ಚಿ, ಪೈಪು ಸೇರುವ ತುದಿ ಮೇಲಿರುವಂತೆ ಹಿಡಿದು ಪಿಸ್ಟನನ್ನು ಕೈಯಿಂದ ನಿಧಾನವಾಗಿ ಒಳಕ್ಕೆ ತಳ್ಳಿ. ಉಳಿದ ಗಾಳಿ ಮೇಲಿನ ಡಬ್ಬಿಯಲ್ಲಿ ಗುಳ್ಳೆಯಾಗಿ ಏಳುತ್ತದೆ. ನನ್ನ ಗಾಡಿ ಸರಿಹೋಗಿದ್ದು ಹೀಗೇ.

ಡಬ್ಬಿಯಲ್ಲಿ ಆಯಿಲ್ ಎಲ್ಲಿದೆ ಅಂತ ಮಾರ್ಕರಿನಿಂದ ಗೆರೆ ಎಳೆದಿಡಿ. ಒಂದು ವಾರ ದಿನಾ ಬೆಳಿಗ್ಗೆ ನೋಡಿ. ಸ್ಲೇವ್ ಒಂದನ್ನೇ ರಿಪೇರಿ ಮಾಡಿದಾಗ ಹಳೆ ಮಾಸ್ಟರ್ ಸೋರಲು ಶುರುವಾಗುವುದು ಉಂಟು, ಹಾಗಾಗಿ ಪೆಡಲ್ ರಾಡಿನ ಜಾಗವನ್ನೂ ಬೆರಳಿನಿಂದ ಮುಟ್ಟಿ ನೋಡುತ್ತಿರಿ.