ಡೈ ಓಡುತ್ತದೆ, ನಾನು ಫ್ರೇಮ್ ಎಣಿಸುತ್ತೇನೆ

ಸೇಡಂ ಕಡೆಯ ಅಜ್ಜನೊಬ್ಬ ಟೇಬಲ್ ಮೇಲೆ ಮಲಗಿಕೊಂಡೇ ಮಾನಿಟರ್ ಕಡೆ ಕತ್ತು ಹೊರಳಿಸಿ ಕೇಳಿದ: "ಅಲ್ಲಿ ಕರ್ರಗ ಹರೀಲಿಕತ್ತದಲ್ರಿ, ಅದು ನನ್ನ ರಕ್ತ ಏನ್ರಿ ಸರ?"

ಅಲ್ಲ ಅಜ್ಜ, ಅದು ನಾವು ಬಿಟ್ಟ ಔಷಧ, ರಕ್ತ ಇದ್ರಾಗ ಕಾಣಂಗಿಲ್ಲ ಎಂದೆ. "ಮತ್ತ ರಕ್ತ ಜೋರ ಹೊಂಟದೋ ಹಗೂರ ಹೊಂಟದೋ ನಿಮಗ ಹ್ಯಾಂಗ ಗೊತ್ತಾಗ್ತದ?"

ಕಲಬುರಗಿಯ ಕ್ಯಾತ್ ಲ್ಯಾಬಿನಲ್ಲಿ, ಅಂದರೆ ಹೃದಯದ ರಕ್ತನಾಳಗಳ ಆಂಜಿಯೋ ಮಾಡುವ ಕೋಣೆಯಲ್ಲಿ, ಟೆಕ್ನೀಷಿಯನ್ ಆಗಿ ಸೇರಿದ ಹೊಸದರಲ್ಲಿ ನನಗೂ ಇದೇ ಪ್ರಶ್ನೆ ಇತ್ತು. ಎಕ್ಸ್‌ರೇಗೆ ರಕ್ತವೂ ಒಂದೇ, ಸುತ್ತಲಿನ ಮಾಂಸಖಂಡವೂ ಒಂದೇ. ಅದಕ್ಕೇ ಅಯೋಡಿನ್ ಇರುವ ಡೈ ಬಿಡುವುದು. ಎಕ್ಸ್‌ರೇಯ ಶಕ್ತಿ 33 ಕಿಲೋ ಎಲೆಕ್ಟ್ರಾನ್ ವೋಲ್ಟ್ ದಾಟಿತೆಂದರೆ ಅಯೋಡಿನ್ ಅದನ್ನು ಒಮ್ಮೆಲೇ ಜಾಸ್ತಿ ನುಂಗತೊಡಗುತ್ತದೆ. ಅದರಿಂದಲೇ ಆ ಕಪ್ಪು ಗೆರೆ.

ಹರಿವು ಹೇಗಿದೆ ಎಂದು ನಮ್ಮಲ್ಲಿ ಕಣ್ಣಂದಾಜಿನಲ್ಲೇ ಹೇಳುತ್ತಿದ್ದರು. ಟಿಮಿ ಎಂಬ ಅಳತೆಯಲ್ಲಿ ಸೊನ್ನೆಯಿಂದ ಮೂರರವರೆಗೆ ಗ್ರೇಡ್: ಸೊನ್ನೆ ಎಂದರೆ ಪೂರ್ತಿ ಬಂದ್, ಮೂರು ಎಂದರೆ ಸರಾಗ. ಎರಡೋ ಮೂರೋ ಎಂಬಲ್ಲಿ ಮಾತ್ರ ಇಬ್ಬರು ಡಾಕ್ಟರಿಗೆ ಎರಡು ಮಾತು. ಈ ಜಗಳಕ್ಕೆ ಅಮೆರಿಕದ ಮೈಕಲ್ ಗಿಬ್ಸನ್ ಮತ್ತು ಸಂಗಡಿಗರು 1996ರಲ್ಲೇ ಉಪಾಯ ಕೊಟ್ಟಿದ್ದರು. ಗ್ರೇಡ್ ಬಿಡಿ, ಡೈ ನಾಳದ ಬಾಯಿಂದ ತುದಿಯ ಗುರುತಿಗೆ ಮುಟ್ಟಲು ಸಿನಿಯ, ಅಂದರೆ ಓಡುವ ಎಕ್ಸ್‌ರೇ ಚಿತ್ರದ, ಎಷ್ಟು ಫ್ರೇಮ್ ಹಿಡಿಯಿತು ಎಂದು ಎಣಿಸಿ. ಓದಿದಾಗ ನಗು ಬಂತು. ಅಫಜಲಪುರದ ನಮ್ಮೂರಲ್ಲಿ ಕಬ್ಬಿಗೆ ಭೀಮೆಯ ನೀರು ಬಿಟ್ಟಾಗ ಕಾಲುವೆಗೆ ಕಬ್ಬಿನ ಒಣ ಎಲೆ, ರವದಿ, ಎಸೆದು, ಮುಂದಿನ ಮಡಿ ಮುಟ್ಟುವತನಕ ಎಣಿಸುತ್ತಿದ್ದುದು ಇನ್ನೇನು?

ಎಣಿಸಲು ಕೂತಾಗ ಗೊತ್ತಾಯಿತು, ಕಷ್ಟ ಇರುವುದು ಎಣಿಕೆಯಲ್ಲಲ್ಲ, ಎಲ್ಲಿಂದ ಶುರುಮಾಡಬೇಕು ಎಂಬುದರಲ್ಲಿ. ಡೈ ಇಣುಕಿದರೆ ಸಾಲದು. ನಾಳದ ಬಾಯಿಯ ಎರಡೂ ದಡಕ್ಕೆ ತಾಗಿ ಮುಂದಕ್ಕೆ ನುಗ್ಗಿದ ಫ್ರೇಮೇ ಒಂದನೆಯದು. ಕೊನೆಯ ಫ್ರೇಮ್ ಗುರುತಿನ ಕವಲಿಗೆ ಡೈ ಮೊದಲು ಹೊಕ್ಕಿದ್ದು, ಅಲ್ಲಿ ಪೂರ್ತಿ ತುಂಬಬೇಕಿಲ್ಲ. ಎಲ್‌ಎಡಿಗೆ, ಅಂದರೆ ಹೃದಯದ ಮುಂಭಾಗದಲ್ಲಿ ಇಳಿಯುವ ಎಡ ನಾಳಕ್ಕೆ, ಹೃದಯದ ತುದಿಯಲ್ಲಿ ಮೀಸೆಯಂತೆ ಒಡೆಯುವ ಕವಲು ಗುರುತು. ಆ ನಾಳ ಉದ್ದ, ಹಾಗಾಗಿ ಅದರ ಲೆಕ್ಕವನ್ನು 1.7ರಿಂದ ಭಾಗಿಸಿ ಹೃದಯದ ಉಳಿದೆರಡು ಮುಖ್ಯ ನಾಳಗಳ ಸಾಲಿಗೆ ತರುತ್ತೇವೆ. ಆಗ ಸರಿಯಿರುವ ನಾಳಕ್ಕೆ 21ರ ಆಸುಪಾಸು ಬರುತ್ತದೆ; ಎಣಿಕೆ ಹೆಚ್ಚಿದಷ್ಟೂ ಡೈ ನಿಧಾನ.

ಇದೆಲ್ಲ ಸೆಕೆಂಡಿಗೆ 30 ಫ್ರೇಮ್ ತೆಗೆದ ಸಿನಿಯ ಲೆಕ್ಕ. ನಾನು ಎಡವಿದ್ದು ಅಲ್ಲೇ. ಹೃದಯಾಘಾತವಾಗಿ ಬಂದವರೊಬ್ಬರ ಬಲಗಡೆಯ ನಾಳಕ್ಕೆ ಸ್ಟೆಂಟ್ ಹಾಕಿದ ಮೇಲೆ ಎಣಿಸಿದೆ, 24. ಚಲೋ ಆಯಿತು ಅಂತ ಬರೆದಿಟ್ಟೆ. ಡಾಕ್ಟರು ಚಿತ್ರವನ್ನು ಇನ್ನೊಮ್ಮೆ ಓಡಿಸಿ, "ಇಷ್ಟು ತೆವಳ್ತದ, 24 ಹ್ಯಾಂಗ ಬಂತು?" ಎಂದರು. ನೋಡಿದರೆ ರೇಡಿಯೇಷನ್ ಕಮ್ಮಿಯಾಗಲೆಂದು ಅಂದು 15ಕ್ಕೆ ಇಟ್ಟಿದ್ದೆ. ನಾನೇ ಇಟ್ಟು ನಾನೇ ಮರೆತಿದ್ದೆ. ಎರಡರಿಂದ ಗುಣಿಸಿದರೆ 48. ಸ್ಟೆಂಟ್ ಹೂವಿನಂತೆ ಅರಳಿತ್ತು. ತೊಡಕು ಅದರಾಚೆಯ, ಆಂಜಿಯೋದಲ್ಲಿ ಕಾಣದ ಕೂದಲೆಳೆ ನಾಳಗಳಲ್ಲಿ. ಆಮೇಲೆ ನನ್ನ ನೋಟ್‌ಬುಕ್ಕಿನ ಮೊದಲ ಕಾಲಂ ಫ್ರೇಮ್ ರೇಟ್, ಹೆಸರು ಎರಡನೆಯದು.

ಇನ್ನೊಂದು ವಿಚಿತ್ರ. ನೈಟ್ರೋಗ್ಲಿಸರಿನ್ ಕೊಟ್ಟ ಮೇಲೆ ಅದೇ ನಾಳದಲ್ಲಿ ಎಣಿಕೆ ಏರಿತು. ಔಷಧ ಕೊಟ್ಟರೆ ಹರಿವು ಕೆಟ್ಟಿತೇ ಎಂದು ಗಾಬರಿ. ಹಾಗಲ್ಲ, ನಾಳ ಅಗಲವಾಗಿತ್ತು. ಅಷ್ಟೇ ನೀರು ಅಗಲ ಕಾಲುವೆಗೆ ಬಂದರೆ ರವದಿ ನಿಧಾನವೇ ಹೋಗುತ್ತದೆ. ಫ್ರೇಮ್ ಎಣಿಕೆ ಹೇಳುವುದು ಡೈ ಹೋದ ವೇಗ. ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಎಂದಲ್ಲ. ಅದು ಬೇಕಿದ್ದರೆ ನಾಳದ ಅಗಲವನ್ನೂ ಅಳೆಯಬೇಕು. ಮೊದಲಿನ ಮತ್ತು ನಂತರದ ಚಿತ್ರ ಹೋಲಿಸುವಾಗ ನೈಟ್ರೋಗ್ಲಿಸರಿನ್ ಎರಡೂ ಸಲ ಇತ್ತೋ ಇಲ್ಲವೋ ನೋಡಿಕೊಳ್ಳುತ್ತೇನೆ. ನಾಡಿ ಬಡಿತವನ್ನೂ ಬರೆದಿಡುತ್ತೇನೆ; ಅದು ಏರಿದರೆ ಎಣಿಕೆ ಇಳಿಯುತ್ತದೆ.

ಎಷ್ಟೋ ಸಿನಿಗಳು ಎಣಿಕೆಗೆ ಸಿಗುವುದೇ ಇಲ್ಲ. ಡೈ ಮೀಸೆಗೆ ಮುಟ್ಟುವ ಮೊದಲೇ ಡಾಕ್ಟರು ಎಕ್ಸ್‌ರೇ ಪೆಡಲ್‌ನಿಂದ ಕಾಲು ತೆಗೆದಿರುತ್ತಾರೆ. "ಸರ, ಇನ್ನೆರಡು ಬೀಟ್" ಎಂದು ಹಿಂದಿನಿಂದ ಹೇಳುತ್ತೇನೆ. ಒಮ್ಮೊಮ್ಮೆ ಕೇಳುತ್ತಾರೆ; ಒಮ್ಮೊಮ್ಮೆ "ರೇಡಿಯೇಷನ್ ಡೋಸ್ ನೋಡಪ್ಪ" ಎಂದು ಗದರುತ್ತಾರೆ. ಸೀಸದ ಏಪ್ರನ್ ಹೊತ್ತು ದಿನವಿಡೀ ಅಲ್ಲೇ ನಿಲ್ಲುವವರು, ಅವರು ಅನ್ನುವುದೂ ಖರೆ. ಅಂಥ ಸಿನಿಯ ಮುಂದೆ ಅಂದಾಜಿನ ಅಂಕಿ ಬರೆಯುವುದಿಲ್ಲ, ಒಂದು ಅಡ್ಡಗೆರೆ ಎಳೆಯುತ್ತೇನೆ.

ಅಜ್ಜನಿಗೆ 19 ಬಂತು. ಅಡ್ಡಗೆರೆ ಬೀಳಲಿಲ್ಲ.